ನಾಲ್ಕಕ್ಷರದ ಕೌದಿ

ಮಧ್ಯಾಹ್ನದ ಪಾತ್ರೆಗಳು ಬುಟ್ಟಿಯಲ್ಲಿ ಒಣಗುವ ಹೊತ್ತಿಗೆ ನಾನು ಕಿಟಕಿಯ ಪಕ್ಕ ಕುಳಿತು ಚೀನೀ ಅಕ್ಷರ ಬರೆಯುತ್ತೇನೆ. ನಗಬೇಡಿ. ಈ ವಯಸ್ಸಿನಲ್ಲಿ ಕೆಲವರು ಜಪಮಾಲೆ ಹಿಡಿಯುತ್ತಾರೆ, ಕೆಲವರು ಧಾರಾವಾಹಿ ಹಿಡಿಯುತ್ತಾರೆ, ನನಗೆ ಇದು ಸಿಕ್ಕಿತು. ಮೊಮ್ಮಗಳು ಇದನ್ನು ಕಲಿಸುವ ಆ್ಯಪ್ ಒಂದನ್ನು ತನಗೆಂದು ಫೋನಿನಲ್ಲಿ ಇಳಿಸಿಕೊಂಡಿದ್ದಳು. ಎಂಟು ದಿನಕ್ಕೆ ಅವಳಿಗೆ ಬೇಸರ ಬಂತು, ಅವಳು ಬಿಟ್ಟದ್ದನ್ನು ನಾನು ಹಿಡಿದೆ. ಚೀನಾದವರ ಜೊತೆ ಮಾತಾಡುವ ಉದ್ದೇಶವೇನೂ ನನಗಿಲ್ಲ. ಖಾಲಿ ಚೌಕದೊಳಗೆ ಗೆರೆ ತಾನಾಗಿಯೇ ಓಡಿ ಅಕ್ಷರವಾಗುವುದನ್ನು ನೋಡುವುದು ಹಿತ. ನೀರು ಎಂಬ ಅಕ್ಷರವನ್ನು ಮೊದಲ ಸಲ ಕಂಡಾಗ ಹಾಗೇ ಆಯಿತು: ನಡುವೆ ಒಂದು ನೆಟ್ಟ ಗೆರೆ, ಅದರ ಬುಡಕ್ಕೆ ಸಣ್ಣ ಕೊಕ್ಕೆ, ಎಡಕ್ಕೊಂದು ಮಡಿಕೆ, ಬಲಕ್ಕೆರಡು ಚಿಮ್ಮು. ಯಾರೋ ಕಾಣದವರು ನನಗಾಗಿ ನಿಧಾನವಾಗಿ ಬರೆದು ತೋರಿಸಿ, ಅಳಿಸಿ, ಈಗ ನೀನು ಬರಿ ಎಂದು ಹಿಂದೆ ಸರಿದಂತೆ.

ಹಿಂದೆ ಸರಿಯುತ್ತಾರೆ ಅಂದೆನಲ್ಲ, ಪೂರಾ ಸರಿಯುವುದಿಲ್ಲ. ಮುಂದಿನ ಗೆರೆ ಮರೆತು ನನ್ನ ಬೆರಳು ಒಂದು ಗಳಿಗೆ ತಡವರಿಸಿದರೆ ಸಾಕು, ಚೌಕದಲ್ಲಿ ಬೂದುಬಣ್ಣದ ಚುಕ್ಕಿಗಳ ಸಾಲೊಂದು ಮೂಡಿ, ಹೀಗೆ ಹೋಗು ಎನ್ನುತ್ತದೆ. ಮೊನ್ನೆ ಆ ಚುಕ್ಕಿಗಳನ್ನೇ ನೋಡುತ್ತ ಕುಳಿತುಬಿಟ್ಟೆ. ನಾನೂ ಒಂದು ಕಾಲಕ್ಕೆ ಒಬ್ಬರ ಪಾಟಿಯ ಮೇಲೆ ಇಂಥವೇ ಚುಕ್ಕಿ ಇಡುತ್ತಿದ್ದೆ. ಕರಜಗಿಯಲ್ಲಿ, ಎಂಬತ್ತರ ದಶಕ ಇನ್ನೂ ಹೊಸದಾಗಿದ್ದಾಗ.

ಆಗ ನಾನು ಆ ಮನೆಯ ಸಣ್ಣ ಸೊಸೆ. ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು, ನಾಲ್ಕು ಗೆರೆಯ ಪುಸ್ತಕದಲ್ಲಿ ಮುತ್ತಿನಂತೆ ಬರೆಯುವವಳು, ರೊಟ್ಟಿ ಬಡಿಯಲು ಬಾರದವಳು. ನನ್ನ ಜೋಳದ ರೊಟ್ಟಿಗೆ ಪ್ರತಿದಿನ ಒಂದೊಂದು ದೇಶದ ಆಕಾರ. ಹಿರಿಯ ಸೊಸೆ, ನನ್ನ ನೆಗೆಣ್ಣಿ ಗಂಗಾಬಾಯಿ, ನಾನು ಗಂಗಕ್ಕ ಅನ್ನುತ್ತಿದ್ದೆ, ಒಂದೇ ಒಂದು ಸಲ ತನ್ನ ಕೈ ನನ್ನ ಕೈ ಮೇಲಿಟ್ಟು ಹಿಟ್ಟು ತಿರುಗಿಸಿ ತೋರಿಸಿದಳು. ಆಮೇಲೆ ಎದ್ದು ಹೊರಗೆ ನಡೆದಳು.

"ಅಕ್ಕಾ, ಎಲ್ಲಿ ಹೊಂಟ್ರಿ? ಇದು ಹರದು ಹೋಗಾಕತ್ತದ."

"ಹರೀಲಿ. ನಾ ಇಲ್ಲಿ ಕುಂತ್ರ ನಿನ್ನ ಕೈ ನನ್ನ ಮಾರಿ ನೋಡ್ತದ. ರೊಟ್ಟಿ ನೋಡಂಗಿಲ್ಲ."

ಅವಳು ಮಾತು ಕಡಿಮೆಯ ಹೆಂಗಸು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹಳೆಯ ಸೀರೆ ಹರಿದರೂ ಅದು ಕಡೆಗೆ ಅವಳ ತೊಡೆಯ ಮೇಲೆ ಬಂದು ಕೌದಿಯಾಗುತ್ತಿತ್ತು. ಒಗೆದು ಒಗೆದು ಮೆತ್ತಗಾದ ಆ ಸೀರೆಗಳಿಗೆ ಬಿಸಿಲಿನದೊಂದು ವಾಸನೆ ಇರುತ್ತಿತ್ತು. ಅಂಚಿನಿಂದ ಹೊರಟ ಸೂಜಿ ಸಾಲು ಸಾಲಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರಬೇಕು. ದಾರದ ಒಂದು ಕಡಿ ಮೇಲೆ, ಒಂದು ಕಡಿ ಒಳಗೆ. ಮಧ್ಯಾಹ್ನದ ಜೊಂಪಿನಲ್ಲಿ ನಾನು ಅದನ್ನು ನೋಡುತ್ತ ಎಷ್ಟು ಸಲ ಗೋಡೆಗೆ ಒರಗಿ ನಿದ್ದೆ ಹೋಗಿದ್ದೇನೋ. ಅವಳ ಮಗಳು ಸುವರ್ಣಾ ಚಿಕ್ಕಂದಿನಿಂದ ಅದೇ ಕೌದಿಯ ಇನ್ನೊಂದು ತುದಿ ಹಿಡಿದು ಹೊಲಿಯುತ್ತ ಬೆಳೆದವಳು. ಏಳನೆಯ ತರಗತಿ ಮುಗಿಸಿದ್ದಳು. ನಾನು ಆ ಮನೆಗೆ ಬಂದ ಮರುವರ್ಷವೇ ಅವಳನ್ನು ಆಳಂದದ ಆಚೆ ಸರಸಂಬಾಕ್ಕೆ ಕೊಟ್ಟರು.

ಮಗಳಿಗೆ ಪತ್ರ ಬರೆಯುವ ಕೆಲಸ ನನ್ನದಾಯಿತು. ಗಂಗಕ್ಕ ಹೇಳುವಳು, ನಾನು ಬರೆಯುವೆ. ಅವಳು ಎರಡು ಮಾತು ಹೇಳಿದರೆ ನಾನು ಎಂಟು ಮಾಡಿ, ಅಂಚಿಗೊಂದು ಹೂಬಳ್ಳಿ ಬಿಡಿಸುತ್ತಿದ್ದೆ. ಉತ್ತರ ಬರುತ್ತಿತ್ತು: ನಾನು ಇಲ್ಲಿ ಆರಾಮ ಇದ್ದೇನೆ, ನೀವೂ ಆರಾಮ ಇದ್ದೀರೆಂದು ತಿಳಿಯುತ್ತೇನೆ. ಎಷ್ಟು ಪತ್ರ ಬಂದರೂ ಅದೇ ಸಾಲು. ಮೂರನೆಯದನ್ನು ಓದಿ ಮುಗಿಸಿದಾಗ ಗಂಗಕ್ಕ ಸೂಜಿ ನಿಲ್ಲಿಸಿ ಕೇಳಿದಳು: "ಆಕಿ ಬರದಾಳೋ, ಆಕಿ ಕಡಿಂದ ಬರಿಸ್ಯಾರೋ?"

"ಅಕ್ಷರ ಆಕೀವೇ ಅವ ಅಕ್ಕಾ."

"ಅಕ್ಷರ ಆಕೀವು. ಮಾತು ಆಕೀವಲ್ಲ."

ಆ ವರ್ಷ ನಾಗರ ಪಂಚಮಿಗೆ ಮಗಳನ್ನು ತವರಿಗೆ ಕರೆತರಲು ಗಂಗಕ್ಕನ ಗಂಡ, ನಮ್ಮ ಭಾವನವರು ಹೋದರು, ಒಬ್ಬರೇ ಬಂದರು. ಮನೆಯಲ್ಲಿ ಕೆಲಸ ಬಹಳ ಇದೆ, ಈ ಸಲ ಆಗುವುದಿಲ್ಲ ಎಂದರಂತೆ. ಸುವರ್ಣಾ ಹೊರಗೆ ಬಂದೇ ಇರಲಿಲ್ಲ, ಒಳಗೆ ಬಳೆಯ ಸದ್ದು ಮಾತ್ರ ಕೇಳಿಸಿತಂತೆ. ಭಾವನವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತ ನನಗೊಂದು ಸಂತೋಷದ ಸುದ್ದಿಯೂ ಹೇಳಿದರು: "ನಿನ್ನ ಪತ್ರ ಭಾಳ ಚಂದ ಇರ್ತಾವಂತ. ಬೀಗರೇ ಒಡದು ಕಟ್ಟಿ ಮ್ಯಾಲ ಕುಂತು ಓದ್ತಾರ, ಎಲ್ಲಾರೂ ಕೇಳ್ತಾರಂತ."

ನಾನು ಎರಡು ದಿನ ಹಿಗ್ಗಿನಲ್ಲಿ ತೇಲಾಡಿದೆ. ಮೂರನೆಯ ದಿನ, ಅಕ್ಕಿ ಆರಿಸುವಾಗ, ಅದರ ಅರ್ಥ ಹೊಳೆಯಿತು. ಕಾನ್ವೆಂಟಿನ ಓದು ಅಂದರೆ ಇಷ್ಟೇ ನೋಡಿ. ಗಂಗಕ್ಕನಿಗೆ ಕೇಳಿದ ಕ್ಷಣವೇ ಹೊಳೆದಿತ್ತು. ಅವಳು ಮಗಳ ಹಳೆಯ ಪಾಟಿ ಅಟ್ಟದಿಂದ ಇಳಿಸಿ ಒರೆಸಿ ಇಟ್ಟುಕೊಂಡು ನನಗಾಗಿ ಕಾಯುತ್ತಿದ್ದಳು.

ನಾನು ಉತ್ಸಾಹದಿಂದ ಅ ಆ ಇ ಈ ಶುರು ಮಾಡಿದೆ. ಅವಳು ಕೈ ಅಡ್ಡ ಹಿಡಿದಳು.

"ನಂಗ ಪೂರಾ ಸಾಲಿ ಬ್ಯಾಡ ಬೇ. ನಾಕು ಅಕ್ಷರ ಸಾಕು."

"ಯಾವ ನಾಕ್ರಿ?"

"‘ಖರೆ ಹೇಳು’ ಅನ್ನೂವು. ಅಷ್ಟ. ನನ್ನ ಕೈಲೇ ಕೇಳಿದ್ರ ಆಕಿ ಹೇಳ್ತಾಳ."

"ಆದ್ರ ಪತ್ರದಾಗ ಬರದ್ರ ಅವರೂ ಓದ್ತಾರಲ್ರಿ ಅಕ್ಕಾ."

"ಮೊದಲ ಕೈ ತಿರುಗಲಿ. ಆಮ್ಯಾಲ ನೋಡೂಣು."

ಹೀಗೆ ನಮ್ಮ ಶಾಲೆ ನಡೆಯಿತು. ಕಾನ್ವೆಂಟಿನ ಸಿಸ್ಟರ್ ನನಗೆ ಕಲಿಸಿದಂತೆಯೇ ನಾನು ಪಾಟಿಯ ಮೇಲೆ ಚುಕ್ಕಿಗಳಲ್ಲಿ ಅಕ್ಷರ ಮೂಡಿಸುತ್ತಿದ್ದೆ, ಗಂಗಕ್ಕ ಅದರ ಮೇಲೆ ಬಳಪ ನಡೆಸುತ್ತಿದ್ದಳು. ಎಲ್ಲಿ ಶುರು, ಎಲ್ಲಿ ಬಳಸು, ಎಲ್ಲಿ ನಿಲ್ಲು ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಿದ್ದೆ. ಅವಳ ಕೈ ಕೊಂಚ ತಡೆದರೆ ಸಾಕು, ಮುಂದೆ ಎರಡು ಚುಕ್ಕಿ ಇಟ್ಟೇಬಿಡುತ್ತಿದ್ದೆ. ಅದನ್ನು ನಾನು ಕರುಣೆ ಎಂದುಕೊಂಡಿದ್ದೆ. ಈಗ ಫೋನು ನನಗೆ ಅದೇ ಕರುಣೆ ತೋರಿಸುವಾಗ ಗೊತ್ತಾಗುತ್ತಿದೆ, ಅದರಲ್ಲಿ ಅರ್ಧ ನಮ್ಮ ಅವಸರ. ತಡವರಿಸುವವರನ್ನು ಸುಮ್ಮನೆ ನೋಡುತ್ತ ಕೂರುವುದು ಕಲಿಸುವವರಿಗೆ ಬಹಳ ಕಷ್ಟ.

ತಿಂಗಳಾದ ಮೇಲೆ ಒಂದು ದಿನ ಚುಕ್ಕಿ ಇಡದೆ ಪಾಟಿ ಕೊಟ್ಟೆ. ಅವಳ ಬಳಪ ಕಪ್ಪು ಹಲಗೆಯ ಮೇಲೆ ನಿಂತಲ್ಲೇ ನಿಂತಿತು. ಖ ಎಲ್ಲಿಂದ ಹೊರಡುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದಳು. ನನ್ನ ಬೆರಳು ಆಗಲೇ ಮುಂದೆ ಬಂದಿತ್ತು.

"ಎದ್ದು ಹೊರಗ ಹೋಗು," ಅಂದಳು.

"ಅಕ್ಕಾ..."

"ಹೋಗ್ ಬೇ. ಜರಾ ಗಾಳಿ ತಗೋ."

ಹೋಗಿ ಕಟ್ಟೆಯ ಮೇಲೆ ಕುಳಿತೆ. ಭೀಮಾ ನದಿಯ ಕಡೆಯಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಇರುವೆಗಳ ಸಾಲೊಂದು ಕಲ್ಲಿನ ಬಿರುಕಿನಲ್ಲಿ ಇಳಿದು ಇನ್ನೊಂದು ಕಡೆ ಏಳುತ್ತಿತ್ತು. ಒಳಗೆ ಬಳಪದ ಕಿರುಗುಟ್ಟುವಿಕೆ, ಅಳಿಸುವ ಸಪ್ಪಳ, ಮತ್ತೆ ಕಿರುಗುಟ್ಟುವಿಕೆ. ಎಷ್ಟೋ ದಿನ ಹೀಗೆ ನಾನು ಹೊರಗೆ, ಅವಳು ಒಳಗೆ. ಕಡೆಗೊಂದು ಮಧ್ಯಾಹ್ನ ಕರೆದು ತೋರಿಸಿದಳು. ನಾಲ್ಕೂ ಅಕ್ಷರ ಇದ್ದವು. ಕೆಳಗೆ ನನ್ನ ಚುಕ್ಕಿ ಒಂದೂ ಇರಲಿಲ್ಲ. ಆದರೆ ಪ್ರತಿ ಅಕ್ಷರವೂ ತುಂಡು ತುಂಡು: ಒಂದು ಕಡಿ ಗೆರೆ, ಒಂದು ಕಡಿ ಖಾಲಿ, ಮತ್ತೆ ಒಂದು ಕಡಿ ಗೆರೆ.

"ಇದನ್ನ ಕೂಡಸ್ಬೇಕ್ರಿ ಅಕ್ಕಾ. ಅಕ್ಷರ ಹಿಂಗ ಕಡಿಬಾರದು."

"ನೀ ಕಡದೇ ಕಲಿಸಿದಿ. ಹೊಲಿಗಿ ಹಿಂಗೇ ಇರ್ತದ, ನಡುವ ಜಾಗ ಬಿಟ್ರೇ ಬಟ್ಟಿ ಸುಕ್ಕಾಗಂಗಿಲ್ಲ."

ನನ್ನ ಚುಕ್ಕಿಗಳನ್ನು ಅವಳು ಮೊದಲ ದಿನದಿಂದಲೂ ಕೌದಿಯ ಹೊಲಿಗೆ ಎಂದೇ ಓದಿದ್ದಳು. ನನ್ನೊಳಗಿನ ಸಿಸ್ಟರಿಗೆ ಕೆಂಪು ಶಾಯಿಯಲ್ಲಿ ತಪ್ಪು ಹಾಕುವ ಆಸೆ. ಗಂಗಕ್ಕ ಜಗಳಾಡಲಿಲ್ಲ. ಪಾಟಿಯನ್ನು ತುಸು ದೂರ ಹಿಡಿದು ಬಹಳ ಹೊತ್ತು ನೋಡಿದಳು, ಒರೆಸಿದಳು, ಮತ್ತೆ ಅಟ್ಟಕ್ಕೆ ಇಟ್ಟಳು. ಕೈಬಿಟ್ಟಳು ಎಂದುಕೊಂಡು ನಾನು ಒಳಗೊಳಗೆ ನೊಂದೆ.

ಚಳಿ ಶುರುವಾಗುವ ಮುಂಚೆ ಅವಳ ತೊಡೆಯ ಮೇಲೆ ಹೊಸ ಕೌದಿ ಕಂಡಿತು. ಮಗಳ ಹಳೆಯ ಲಂಗಗಳು, ತನ್ನದೊಂದು ಹಸಿರು ಸೀರೆ. ಮುಗಿಸಿದ ದಿನ ನನ್ನ ಮುಂದೆ ಹಾಸಿದಳು.

"ಏನ್ ಕಾಣ್ತದ?"

"ಭಾಳ ಚಂದ ಆಗ್ಯಾದ್ರಿ."

"ಚಂದ ಇರಲಿ. ಏನ್ ಕಾಣ್ತದ?"

ಬಿಳಿ ದಾರದ ಸಾಲುಗಳು, ಒಂದರ ಪಕ್ಕ ಒಂದು, ನೀರಿನ ಅಲೆಯ ಹಾಗೆ. ಬೇರೇನೂ ಕಾಣಲಿಲ್ಲ. ಅವಳು ನನ್ನ ಬೆರಳು ಹಿಡಿದು ಒಂದು ಮೂಲೆಗೆ ಒಯ್ದು, ಹೊಲಿಗೆಯ ಮೇಲೆ ನಿಧಾನ ನಡೆಸಿದಳು. ಸುತ್ತಿ, ಇಳಿದು, ಮತ್ತೆ ಏರಿ. ಖ. ಆಮೇಲೆ ರೆ. ಸಾಲುಗಳ ನಡುವೆ ಸಾಲಾಗಿ, ಅದೇ ದಾರದಲ್ಲಿ, ಅದೇ ಅಳತೆಯ ಕಡಿಗಳಲ್ಲಿ ನಾಲ್ಕೂ ಅಕ್ಷರ ಅಲ್ಲಿದ್ದವು.

"ಕಲಿಸಿದ ನಿಂಗೇ ಕಾಣವಲ್ದು. ಅವರಿಗೇನ್ ಕಂಡೀತು?"

"ಸುವರ್ಣಾಗ ಕಾಣ್ತದೇನ್ರಿ?"

"ನನ್ನ ಸಾಲು ಯಾವತ್ತೂ ಸೊಟ್ಟ ಆಗಂಗಿಲ್ಲ. ಆಗ್ಯಾದ ಅಂದ್ರ ಆಕಿ ಬಟ್ಟು ಇಟ್ಟು ನೋಡ್ತಾಳ."

ಭಾವನವರು ಕೌದಿ ಕೊಟ್ಟು ಬಂದರು. ಬೀಗರು ಬಿಚ್ಚಿ ನೋಡಿ ಮೆಚ್ಚಿಕೊಂಡರಂತೆ. ಆಮೇಲೆ ಒಂದು ತಿಂಗಳು ಸುದ್ದಿಯಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದಾಗೆಲ್ಲ ಗಂಗಕ್ಕ ಏಳುತ್ತಿರಲಿಲ್ಲ, ಅವಳ ಸೂಜಿ ಮಾತ್ರ ನಿಲ್ಲುತ್ತಿತ್ತು. ಪತ್ರ ಬಂದ ದಿನ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಎಂದಿನಂತೆ ಓದಿದೆ: ನಾನು ಇಲ್ಲಿ ಆರಾಮ ಇದ್ದೇನೆ. ಕೌದಿ ಮುಟ್ಟಿತು, ಬೆಚ್ಚಗಿದೆ. ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಿದೆ, ಅವ್ವ ಬಂದು ಹಾಕಿಕೊಡಬೇಕು.

"ದಾರ ಹಳೇದಿತ್ತೇನೋ ಅಕ್ಕಾ," ಅಂದೆ ನಾನು.

ಗಂಗಕ್ಕನ ಕೈ ಹಿಟ್ಟಿನ ಮೇಲೆ ನಿಂತಿತ್ತು. "ನನ್ನ ಹೊಲಿಗಿ ಇವತ್ತಿನತನಾ ಒಂದೂ ಬಿಚ್ಚಿಲ್ಲ," ಅಂದಳು. ಅರ್ಧ ಬಡಿದ ರೊಟ್ಟಿಯನ್ನು ನನಗೆ ಬಿಟ್ಟು ಕೈ ತೊಳೆದುಕೊಂಡಳು. ಭಾವನವರು ಕಣದ ಕೆಲಸವಿದೆ, ನಾಳೆ ಹೋಗೋಣ ಎಂದರು.

"ನೀವು ನಾಳಿ ಬರ್ರಿ. ನಾ ಇವತ್ತು ಹೋಗ್ತೇನಿ."

ಅವರು ಚಪ್ಪಲಿ ಮೆಟ್ಟಿದರು. ಅಫಜಲಪುರ, ಕಲಬುರಗಿ, ಆಳಂದ, ಅಲ್ಲಿಂದ ಸರಸಂಬಾ. ಗಂಗಕ್ಕ ಕುಪ್ಪಸಕ್ಕೆ ಸೂಜಿ ಚುಚ್ಚಿಕೊಂಡು, ದಾರದ ಉಂಡೆ ಸೆರಗಿಗೆ ಕಟ್ಟಿಕೊಂಡು ಹೋದಳು. ಅಲ್ಲಿ ಬೀಗತಿ ಕೌದಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿ ಬಿಚ್ಚಿದೆ, ನಮಗೇನೂ ಕಾಣುತ್ತಿಲ್ಲವಲ್ಲ ಎಂದಳಂತೆ. "ಒಳಗ ಬಿಚ್ಯಾದ ಬಾಯಿ. ಮನಿಗೆ ಒಯ್ದೇ ಹಾಕ್ಬೇಕು," ಎಂದು ಗಂಗಕ್ಕ ಕೌದಿ ಮಡಚಿ ಬಗಲಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮಗಳ ರಟ್ಟೆ ಹಿಡಿದು ಹೊಸ್ತಿಲು ದಾಟಿದಳಂತೆ. ಹಿಂದಿನಿಂದ ಕೂಗಿದರು, ಅಡ್ಡ ಬಂದರು. ಅವಳು ತಿರುಗಿ ನೋಡಲಿಲ್ಲ ಎಂದು ಭಾವನವರು ಎಷ್ಟೋ ವರ್ಷ ಹೇಳುತ್ತಿದ್ದರು.

ಮರುದಿನ ಸುವರ್ಣಾ ನಮ್ಮ ಒಲೆಯ ಮುಂದೆ ಉಣ್ಣಲು ಕುಳಿತಾಗ ಅವಳ ಬಳೆ ಮೊಣಕೈವರೆಗೂ ಜಾರಿತು. ನಾನು ಬಡಿದ ಸೊಟ್ಟ ರೊಟ್ಟಿಗಳನ್ನು ಒಂದಾದ ಮೇಲೊಂದು ತಿಂದಳು. ಆ ಮನೆಗೆ ಅವಳು ಮತ್ತೆ ಹೋಗಲಿಲ್ಲ. ಮುಂದೆ ಓದಿ ಕಲಬುರಗಿಯಲ್ಲಿ ನರ್ಸ್ ಆದಳು. ಈಗ ನಿವೃತ್ತಳಾಗಿದ್ದಾಳೆ, ನನ್ನ ಮೊಣಕಾಲು ನೋವಿಗೆ ಮಾತ್ರೆ ಹೇಳುವುದು ಅವಳೇ. ಉಳಿದ ಅಕ್ಷರಗಳನ್ನೂ ಕಲಿಸುತ್ತೇನೆ ಎಂದು ಗಂಗಕ್ಕನ ಬೆನ್ನು ಹತ್ತಿದ್ದೆ. ಅವಳು ನಕ್ಕು, "ಕೇಳೋದು ಕೇಳಿದ್ನಲ್ಲ ಬೇ," ಅಂದಿದ್ದಳು.

ಮೊನ್ನೆಯಿಂದ ನಾನು ಫೋನಿನಲ್ಲಿ ಚುಕ್ಕಿ ಬರದಂತೆ ಮಾಡಿಕೊಂಡಿದ್ದೇನೆ. ಅದಕ್ಕೊಂದು ಗುಂಡಿ ಇದೆ, ಮೊಮ್ಮಗಳು ತೋರಿಸಿದಳು. ಇವತ್ತು ಹೊಸ ಅಕ್ಷರ ಬಂತು. ನೆಮ್ಮದಿ ಎಂದು ಅರ್ಥವಂತೆ. ಮೇಲೊಂದು ಮನೆಯ ಸೂರು, ಅದರ ಕೆಳಗೊಬ್ಬ ಹೆಣ್ಣು. ಮೊದಲು ಸೂರು ಬರೆಯಬೇಕು, ಆಮೇಲೆ ಹೆಣ್ಣು, ಹಾಗೆಂದು ಗೆರೆಗಳು ಓಡಿ ತೋರಿಸಿ ಅಳಿದುಹೋದವು. ಖಾಲಿ ಚೌಕ ನನ್ನ ಮುಂದೆ ಉಳಿಯಿತು. ನಾನು ಹೆಣ್ಣನ್ನು ಮೊದಲು ಬರೆದೆ. ಹಾಗಲ್ಲ ಎಂದು ಫೋನು ಸಣ್ಣಗೆ ಅದುರಿ ಗೆರೆ ಅಳಿಸಿತು. ಸ್ವಲ್ಪ ಹೊತ್ತು ಕಿಟಕಿಯಾಚೆಯ ಬಿಸಿಲು ನೋಡುತ್ತ ಕುಳಿತಿದ್ದು, ಮತ್ತೆ ಹೆಣ್ಣನ್ನೇ ಮೊದಲು ಬರೆದೆ.