ಹಿತ್ತಿಲ ಕೋಣೆಯ ಚಾಪೆ

ಮದುವೆಯಾಗಿ ಕೊಪ್ಪ ಪೇಟೆಯ ಬಾಡಿಗೆ ಮನೆಗೆ ಬಂದಾಗ ನನಗೆ ಇಪ್ಪತ್ತೊಂದು. ಆಗಿನ ಕಾಲಕ್ಕೆ ಅದು ತಡವೇ. ಎರಡನೇ ಮಹಾಯುದ್ಧದ ದಿನಗಳು, ಸೀಮೆಎಣ್ಣೆಗೂ ಸರದಿ ನಿಲ್ಲಬೇಕಿತ್ತು. ಮನೆಯಲ್ಲಿ ಮೂವರೇ: ಶಾಲೆಯಲ್ಲಿ ಮೇಷ್ಟರಾಗಿದ್ದ ನನ್ನ ಗಂಡ, ಅವರ ತಾಯಿ, ನಾನು.

ಆ ಮನೆಯಲ್ಲಿ ಹೇಳಿದಷ್ಟು ಸುಳ್ಳನ್ನು ನಾನು ಬೇರೆಲ್ಲೂ ಹೇಳಿಲ್ಲ. ಎಲ್ಲವೂ ಒಂದೇ ಸುಳ್ಳು: "ಕಾಗೆ ಮುಟ್ಟಿತು." ಮುಟ್ಟಾದೆ ಎನ್ನುವುದಕ್ಕೆ ನಮ್ಮ ಕಡೆಯ ಮಾತು ಅದು. ಆಮೇಲೆ ಮೂರು ದಿನ ಹಿತ್ತಿಲ ಕೋಣೆ, ಚಾಪೆ, ಚೊಂಬು, ಒಂಟಿ ಊಟ. ಉಳಿದ ಹೆಂಗಸರಿಗೆ ಅದು ಶಿಕ್ಷೆ, ನನಗೆ ರಜೆ. ತಿಂಗಳಿಗೊಂದು ಸಾಲದೆ ನಾನು ಎರಡು ಮಾಡಿಕೊಂಡೆ, ಒಮ್ಮೊಮ್ಮೆ ಮೂರು.

ಗಂಡ ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡಾದರೂ ಇರಬಹುದಿತ್ತು. ಅವರು ಸಾಧು. ಹತ್ತಿರ ಬಂದರೆ ಸಾಕು, ನನ್ನ ಮೈ ನನ್ನ ಮಾತು ಕೇಳದೆ ಬಿಗಿದುಕೊಳ್ಳುತ್ತಿತ್ತು. ಕೂಡುವಾಗ ಒಳಗೆ ಕೊಯ್ದಂತೆ ಉರಿ. ನಾನು ಹಲ್ಲು ಕಚ್ಚಿದ್ದು ಕಂಡು ಅವರೇ ಹಿಂದೆ ಸರಿದು "ತಪ್ಪಾಯ್ತು" ಎನ್ನುತ್ತಿದ್ದರು. ಎಲ್ಲ ಹೆಂಗಸರಿಗೂ ಆಗುವುದು ನನಗೊಬ್ಬಳಿಗೆ ಆಗದಿದ್ದರೆ ತಪ್ಪು ನನ್ನದೇ ಎಂದು ನಾನು ತೀರ್ಮಾನಿಸಿದ್ದೆ. ಬಾಯಿಬಿಟ್ಟರೆ ಶೃಂಗೇರಿಯ ತವರಿಗೆ ಕಳಿಸಿ, ಅವರಿಗೆ ಇನ್ನೊಂದು ಮದುವೆ ಮಾಡಿದರೂ ಆಗ ಕೇಳುವವರಿರಲಿಲ್ಲ.

ಆದರೆ ನನ್ನನ್ನು ಒಳಗೊಳಗೇ ತಿಂದದ್ದು ಅತ್ತೆಯ ಮಂಡಿನೋವು. ನಾನು ಹೊರಗೆ ಕೂತರೆ ನೀರು ಸೇದುವುದು, ಒಲೆ ಊದುವುದು, ರುಬ್ಬುವುದು ಎಲ್ಲ ಅವರ ಪಾಲಿಗೆ. ರುಬ್ಬುವ ಕಲ್ಲಿನ ಮುಂದಿನಿಂದ ಏಳುವಾಗ ಅವರು "ಅಯ್ಯಮ್ಮಾ" ಎನ್ನುವುದು ಗೋಡೆಯಾಚೆ ಕೇಳುತ್ತಿತ್ತು. ಆಮೇಲೆ ದೂರದಿಂದಲೇ ನನ್ನ ಎಲೆಗೆ ದೋಸೆ ಹಾಕುತ್ತಿದ್ದರು. ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದರೆ ಅದೂ ಸುಳ್ಳಾದೀತು. ಹಸಿವಿರುತ್ತಿತ್ತು, ನಾಚಿಕೆಪಟ್ಟುಕೊಂಡೇ ತಿನ್ನುತ್ತಿದ್ದೆ.

ಇಷ್ಟು ಸಲ ಮುಟ್ಟಾದರೆ ಹೆಣ್ಣು ಉಳಿಯುವುದಿಲ್ಲ ಎಂದು ಅತ್ತೆ ಒಂದು ಬೆಳಿಗ್ಗೆ ನನ್ನನ್ನು ಡಿಸ್ಪೆನ್ಸರಿಗೆ ಕರೆದುಕೊಂಡು ಹೋದರು. "ನೀನೇ ಹೇಳು" ಎಂದು ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತರು. ಡಾಕ್ಟರು ವಯಸ್ಸಾದವರು, ಮೆತ್ತಗಿನ ಮಾತು. ನಾನು ಅದೇ ಸುಳ್ಳು ಒಪ್ಪಿಸಿದೆ. "ಬೇರೆ ಏನಾದರೂ ನೋವಿದೆಯೇನಮ್ಮಾ?" ಎಂದು ಕೇಳಿದರು. ಮಾತು ನಾಲಿಗೆಯ ತುದಿಗೆ ಬಂತು. ಅತ್ತೆಯ ಬೆನ್ನು ನೋಡಿ "ಇಲ್ಲ" ಎಂದುಬಿಟ್ಟೆ.

ಮುಟ್ಟು ನಿಲ್ಲಿಸಲು ಕೊಟ್ಟ ಕಹಿ ಔಷಧಿಯನ್ನು, ನನಗೆ ಆಗಬೇಕಾದ್ದೇ ಎಂದು, ಬಾಟಲಿ ಮುಗಿಯುವ ತನಕ ಕುಡಿದೆ. ನಾನೇ ತೋಡಿಕೊಂಡ ಹೊಂಡ ಆಮೇಲೆ ಕಂಡಿತು. ತಿಂಗಳ ನಡುವೆ ಮತ್ತೆ ಕಾಗೆ ಮುಟ್ಟಿತು ಎಂದರೆ ಔಷಧಿ ನಾಟಲಿಲ್ಲವೆಂದು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೊರಡಬೇಕು. ಬಾಯಿ ಮುಚ್ಚಿಕೊಂಡು ಒಳಗೇ ಇದ್ದೆ, ನೋವನ್ನೂ ನುಂಗಿಕೊಂಡೆ.

ಒಂದು ಸಂಜೆ ನೋಡಿದರೆ ಅತ್ತೆ ಹಿತ್ತಿಲ ಕೋಣೆ ಗುಡಿಸಿ ಚಾಪೆ ಹಾಸುತ್ತಿದ್ದರು. ಜಗಲಿಯಲ್ಲಿ ಮಕ್ಕಳ ಕಾಪಿ ತಿದ್ದುತ್ತಿದ್ದ ಮಗನಿಗೆ ಕೇಳುವಂತೆ ಕೂಗಿದರು: "ಮಾಣಿ, ನಿನ್ನ ಹೆಂಡ್ತಿ ಹೊರಗೆ. ಈಚೆ ಬರ್ಬೇಡ."

"ಅತ್ತೆ, ನಾನು ಮುಟ್ಟಾಗಿಲ್ಲ" ಎಂದು ಪಿಸುಗುಟ್ಟಿದೆ.

"ಗೊತ್ತುಂಟು. ಹಿತ್ಲ ಬೇಲೀಲಿ ನಿನ್ನ ಬಟ್ಟೆ ಒಣಗೋದು ತಿಂಗ್ಳಿಗೆ ಒಂದೇ ಸಲ. ನಂಗೆ ಕಣ್ಣಿಲ್ವಾ? ಡಾಕ್ಟ್ರ ಹತ್ರ ಆದ್ರೂ ಹೇಳ್ತೀಯೇನೋ ಅಂತ ಕರ್ಕೊಂಡು ಹೋದೆ. ಹೇಳ್ಲಿಲ್ಲ ನೀನು."

ನನಗೆ ಅಳು ಬಂತು. "ಯಾಕೆ ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದೆ.

ಅವರು ಮಂಡಿ ಹಿಡಿದುಕೊಂಡು ಎದ್ದರು. "ನಂಗೂ ಹಂಗೇ ಇತ್ತಲ್ಲೆ ಕೂಸೆ. ನಾನು ಹೀಗೆ ಕೂತ್ರೆ ಬೇಯ್ಸಿ ಹಾಕ್ಲಿಕ್ಕೆ ನಂಗೆ ಅತ್ತೆ ಇರ್ಲಿಲ್ಲ, ಅಷ್ಟೇ."

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ರುಬ್ಬುವ ಕಲ್ಲಿನ ಸದ್ದು ಶುರುವಾಯಿತು. ಎದ್ದು ಹೋಗಿ ಅವರ ಕೈಯಿಂದ ಗುಂಡು ಕಸಿದುಕೊಳ್ಳಬೇಕು ಎನ್ನಿಸಿತು. ಹಾಗೆ ಮಾಡುವಂತಿರಲಿಲ್ಲ. ಮನೆಗೆಲ್ಲ ಕೇಳುವಂತೆ ಅವರೇ ನನ್ನನ್ನು ಹೊರಗೆ ಕೂರಿಸಿದ್ದರು.