ಎಲೆಯಲ್ಲಿ ಹೋದ ಹಲ್ಲಿನ ಪ್ಲೇಟು

ನನ್ನ ಮದುವೆ ಆಲ್ಬಮ್ಮಿನಲ್ಲಿ ನನ್ನ ಹಲ್ಲು ಕಾಣುವ ಫೋಟೋ ಒಂದೂ ಇಲ್ಲ. ನಗು ಬಂದಾಗಲೆಲ್ಲ ಬಲಗೈ ತಾನಾಗಿ ಬಾಯಿಗೆ ಹೋಗಿದೆ. ಆಗ ನನ್ನ ಮುಂದಿನ ಹಲ್ಲುಗಳು ನನಗಿಂತ ಮೊದಲೇ ಬಾಗಿಲು ದಾಟುತ್ತಿದ್ದವು, ಈಗಲೂ ಅಷ್ಟೇ. ಕಾನ್ವೆಂಟಿನಲ್ಲಿ ಪ್ರತಿ ಗ್ರೂಪ್ ಫೋಟೋಗೂ ಸಿಸ್ಟರ್ "ಲಿಪ್ಸ್ ಟುಗೆದರ್, ಚೈಲ್ಡ್" ಅನ್ನುತ್ತಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಹೋದ ವರ್ಷ ಒಂದು ದಿನ ಎಂಟು ವರ್ಷದ ಮೊಮ್ಮಗಳು ಟಿವಿ ನೋಡಿ ನಗುವಾಗ ಕೈ ಅಡ್ಡ ಇಟ್ಟುಕೊಂಡಳು. ಥೇಟ್ ನಾನೇ. ಮಾಲೂರಿನಲ್ಲಿ ಟೀಚರಾಗಿರುವ ಸೊಸೆ "ಹಾಲುಹಲ್ಲೆಲ್ಲ ಬೀಳಲಿ ಬಿಡಿ ಅತ್ತೆ, ಆಮೇಲೆ ನೋಡೋಣ" ಅಂದರೂ ಕೇಳದೆ ಕೋಲಾರದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ರೈಟ್ ಟೈಮಿಗೇ ಬಂದಿದೀರಿ ಅಜ್ಜಿ," ಅಂದಳು ಆ ಚಿಕ್ಕ ವಯಸ್ಸಿನ ಡಾಕ್ಟರು. "ದವಡೆ ಇನ್ನೂ ಬೆಳೀತಿದೆ. ಈಗ್ಲೇ ಜಾಗ ಮಾಡ್ಕೊಟ್ರೆ ಮುಂದೆ ಹಲ್ಲು ಕೀಳೋದು ತಪ್ಪಬಹುದು."

ಅಂಗುಳಿಗೆ ಕೂರುವ ಒಂದು ಪ್ಲೇಟು, ನಡುವೆ ಪುಟ್ಟ ಸ್ಕ್ರೂ. ವಾರಕ್ಕೊಮ್ಮೆ ಕೀ ಹಾಕಿ ಒಂದಿಷ್ಟೇ ತಿರುಗಿಸಬೇಕು. ಊಟಕ್ಕೆ ತೆಗೆದರೆ ಡಬ್ಬಿಯಲ್ಲೇ ಇಡಬೇಕು. ಕಳೆದುಹೋದರೆ ಹೊಸದು ಬರುವಷ್ಟರಲ್ಲಿ ಹಲ್ಲು ಹಳೇ ಜಾಗಕ್ಕೇ ಹೋಗಿಬಿಡುತ್ತಂತೆ. ಮೊಮ್ಮಗಳು ಗ್ಲಿಟರ್ ಇರುವ ಗುಲಾಬಿ ಬಣ್ಣ ಆರಿಸಿಕೊಂಡಳು. ಕೀ ನನ್ನ ಚಾರ್ಜು. ಸೊಸೆಯ ಎದುರು ಜಂಬವಾಗಿ ಸೆರಗಿಗೆ ಗಂಟು ಹಾಕಿಕೊಂಡೆ.

ಮೂರು ತಿಂಗಳಾಗಿತ್ತು, ಹಲ್ಲು ನಿಜಕ್ಕೂ ಸರಿಯುತ್ತಿತ್ತು. ಆಗ ಮುಳಬಾಗಿಲಿನ ಅತ್ತಿಗೆಯ, ಅಂದರೆ ನಮ್ಮ ಯಜಮಾನರ ಅಕ್ಕನ, ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮೊಮ್ಮಗಳ ಜೊತೆ ಹೋದೆ. ಡಬ್ಬಿ ಮಾತ್ರ ಕೋಲಾರದ ಮನೆಯಲ್ಲೇ ಉಳಿದಿತ್ತು. ಮರೆತವಳು ನಾನೇ.

ಪಂಕ್ತಿಯಲ್ಲಿ ಕೂತಾಗ ಮಗು ಪ್ಲೇಟು ತೆಗೆದು ಕೈಯಲ್ಲಿ ಹಿಡಿದಳು. ಅತ್ತಿಗೆ ನೋಡಿಯೇಬಿಟ್ಟರು.

"ಬಾಯಿಂದ ತೆಗೆದಿದ್ದು ಎಂಜಲು ಕಣೇ! ನೆಲಕ್ಕೆ ತಾಗಿಸ್ಬೇಡ!"

ಮಗು ಹೆದರಿ ಅದನ್ನು ತನ್ನ ಎಲೆಯ ತುದಿಯಲ್ಲೇ ಇಟ್ಟಳು. ಬಡಿಸುವವರು ಬಂದ ರಭಸಕ್ಕೆ ಅದರ ಮೇಲೆ ಕೋಸಂಬರಿ ಬಿತ್ತು. ಊಟ ಮುಗಿದ ಮೇಲೆ ನಾನು ಕಲಿಸಿದ ಹಾಗೆ ಬಹಳ ನೀಟಾಗಿ ಎಲೆ ಮಡಚಿ ಎದ್ದಳು.

ಕಾಫಿ ಹೊತ್ತಿಗೆ "ಪ್ಲೇಟೆಲ್ಲಿ?" ಅಂದೆ. ಮಗುವಿನ ಮುಖ ಬಿಳಿಚಿಕೊಂಡಿತು.

ಹಿತ್ತಲಿಗೆ ಓಡಿದೆವು. ಎರಡು ಪಂಕ್ತಿಯ ಎಲೆಗಳು ಮಂಕರಿಯಲ್ಲಿ ರಾಶಿ ಬಿದ್ದಿದ್ದವು. ಪಕ್ಕದಲ್ಲೇ ಹಸು ಆಗಲೇ ಒಂದೆಲೆ ಬಾಯಿಗೆ ಹಾಕಿಕೊಂಡು ಮೆಲ್ಲುತ್ತಿತ್ತು. ಸೊಸೆಗೆ ಏನು ಹೇಳಲಿ? ರೇಷ್ಮೆ ಸೀರೆ ಎತ್ತಿ ಕಟ್ಟಿ, ಎರಡೂ ಕೈ ಮೊಣಕೈವರೆಗೆ ಆ ರಾಶಿಯೊಳಗೆ ಇಳಿಸಿದೆ.

"ಇಂಗ್ಲಿಷ್ ಓದಿದ್ದು ಇದಕ್ಕೇನೇ?" ಮಡಿ ಸೀರೆಯ ಅತ್ತಿಗೆ ಹಿತ್ತಲ ಬಾಗಿಲಲ್ಲೇ ನಿಂತು ಕೂಗಿದರು. "ಹಲ್ಲು ತಾನೇ ನೆಟ್ಟಗೆ ಬರ್ತಿರ್ಲಿಲ್ವಾ?"

"ನಂದು ಬಂತಾ ಅತ್ತಿಗೆ?" ಅಂದೆ, ಸಾರಿನ ಎಲೆಯೊಂದನ್ನು ಬಿಚ್ಚುತ್ತ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಎಲ್ಲಾ ಎಲೆ ಯಾಕೆ ಬಿಚ್ತೀಯ? ಹಾಗಲಕಾಯಿ ಗೊಜ್ಜು ಹಾಗೇ ಇರೋ ಎಲೆ ನೋಡು. ನಿನ್ನ ಮೊಮ್ಮಗಳೊಬ್ಬಳೇ ಬಿಟ್ಟಿದ್ದು. ಆಗಿಂದ ಹೊಟ್ಟೆ ಉರೀತಾ ಇದೆ ನಂಗೆ."

ಏಳನೆಯದೋ ಎಂಟನೆಯದೋ ಎಲೆ. ಮುಟ್ಟದ ಗೊಜ್ಜು, ಪಕ್ಕದಲ್ಲಿ ಕೋಸಂಬರಿ, ಅದರಡಿಯಲ್ಲಿ ಗುಲಾಬಿ ಗ್ಲಿಟರ್! ತಂತಿಗೆ ಹೆಸರುಬೇಳೆ ಸಿಕ್ಕಿಕೊಂಡಿತ್ತು, ಅಷ್ಟೇ.

"ಸಿಕ್ತು!" ಅಂತ ಮಗು ಕುಣಿದಳು. ನನಗೆ ತಡೆಯಲಾರದ ನಗು. ಅಭ್ಯಾಸಬಲದಿಂದ ಕೈ ಮೇಲೆದ್ದಿತು.

"ಎಂಜಲು ಕೈ! ಬಾಯಿ ಮುಟ್ಬೇಡ!" ಅತ್ತಿಗೆ ಕಿರುಚಿದರು.

ಕೈ ಗಾಳಿಯಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು. ಮೊಮ್ಮಗಳು ನನ್ನ ಫೋನಿನಲ್ಲಿ ಕ್ಲಿಕ್ ಮಾಡಿಬಿಟ್ಟಳು.

ಮಾರನೆಯ ದಿನ ಡಾಕ್ಟರು ಪ್ಲೇಟು ಪರೀಕ್ಷಿಸಿ, ತೊಳೆಸಿ, ಏನೂ ಆಗಿಲ್ಲ ಅಂದಳು. ಭಾನುವಾರ ಸೆರಗಿನ ಗಂಟು ಬಿಚ್ಚಿ ಕೀ ತೆಗೆದೆ. ಮಗು ಆ ಫೋಟೋ ನೋಡುತ್ತ ಕೂತಿದ್ದಳು.

"ಅಜ್ಜಿ, ಇದ್ರಲ್ಲಿ ಎಷ್ಟು ಚೆನ್ನಾಗಿದೀಯ ಗೊತ್ತಾ?"

"ಹಲ್ಲು ನೋಡಿದ್ಯಾ?"

"ಹೂಂ. ಎಲ್ಲಾ ಕಾಣತ್ತೆ." ತಲೆ ಎತ್ತಿದಳು. "ಹಂಗಾದ್ರೆ ನಂಗ್ಯಾಕೆ ಪ್ಲೇಟು?"

ಫೋನು ಪಕ್ಕಕ್ಕಿಟ್ಟು, ಒಂದು ಕೈಯಲ್ಲಿ ಕೀ ಹಿಡಿದು, ಇನ್ನೊಂದರಲ್ಲಿ ಅವಳ ಗದ್ದ ಎತ್ತಿದೆ.

"ಓಪನ್ ವೈಡ್, ಚೈಲ್ಡ್," ಅಂದೆ.