ಮಂಗಳೂರಲ್ಲಿ ಊಟಕ್ಕೆ ದಾರಿ ಹೇಳುತ್ತಿದ್ದ ಚಿಕ್ಕಲಕ್ಷ್ಮಮ್ಮ

ಹಾಸನದ ಪಕ್ಕದ ಮೊಸಳೆ ಗ್ರಾಮದಿಂದ ಯಾರೇ ಮಂಗಳೂರಿಗೆ ಹೊರಟರೂ ಮೊದಲು ಚಿಕ್ಕಲಕ್ಷ್ಮಮ್ಮನ ಜಗಲಿಗೆ ಬಂದು ಹೋಗುತ್ತಿದ್ದರು. ಆ ಊರಿನಲ್ಲಿ ಎಲ್ಲಿ ಉಣ್ಣಬೇಕೆಂಬುದು ಅವಳಿಗೆ ಮಾತ್ರ ಗೊತ್ತು ಎಂದು ಎಲ್ಲರ ನಂಬಿಕೆ. ಅವಳು ಮಂಗಳೂರನ್ನು ಕಂಡದ್ದು ಒಂದೇ ಸಲ, ಅದೂ ಎರಡೇ ದಿನ.

ಮೂವತ್ತೇಳನೆಯ ಇಸವಿಯ ಮಾತು. ಹೊಸ ಮನೆಗೆ ಮಂಗಳೂರು ಹೆಂಚೇ ಆಗಬೇಕೆಂದು ಗಂಡ ಬೈರಯ್ಯ ಹಟ ಹಿಡಿದ. ಕಾರ್ಖಾನೆಗೇ ಹೋಗಿ ಆರಿಸುತ್ತೇನೆಂದ. ಸಂತೆಗೆ ಕಳಿಸಿದರೆ ಹುಳುಕು ಬದನೆಕಾಯಿಯನ್ನೇ ಹುಡುಕಿ ತರುವವನನ್ನು ಹೆಂಚಿಗೆ ಕಳಿಸುವುದುಂಟೇ ಎಂದು ಅವಳೂ ಹೊರಟಳು. ಬಟ್ಟೆಗಂಟಿನೊಳಗೆ ಅವಳು ರಾಗಿಹಿಟ್ಟು ಕಟ್ಟುವುದನ್ನು ಕಂಡು ಬೈರಯ್ಯನಿಗೆ ಅವಮಾನವಾಯಿತು.

“ಲೇ, ಅದೇನು ಕಾಡಾ? ಬೀದಿಗೊಂದು ಓಟ್ಲವೆ ಕಣೇ. ಹಿಟ್ಟು ಒತ್ಕಂಡು ಓದ್ರೆ ನಗ್ತಾರೆ.”

“ನಗೋರು ನಗ್ಲಿ ಬುಡಿ. ಅವ್ರ ಬಾಯಿ ಮುಚ್ಚಕಾಯ್ತದಾ?”

ಘಟ್ಟ ಇಳಿಯುವಾಗ ಬಸ್ಸಿನ ಕಿಟಕಿಯಾಚೆ ತಲೆ ಹಾಕಿದ ಬೈರಯ್ಯ ಬಯಲು ಸಿಗುವ ತನಕ ಒಳಗೆ ತೆಗೆಯಲಿಲ್ಲ. ಹೊಟ್ಟೆ ಪೂರಾ ಖಾಲಿಯಾಗಿ ಮಂಗಳೂರಲ್ಲಿ ಇಳಿದ. ಮೊದಲನೆಯ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಬಡಿಸಿದರು. ಕೆಂಪಗೆ ದಪ್ಪಗಿದ್ದ ಅಗುಳನ್ನು ಹಿಸುಕಿ ನೋಡಿ, “ಇನ್ನೂ ಬೆಂದಿಲ್ಲ ಕಣೇ” ಎಂದು ಎದ್ದ. ಎರಡನೆಯದರಲ್ಲಿ, “ತಲೆಗೆ ಹಚ್ಚೋ ಎಣ್ಣೇಲಿ ಒಗ್ರಣೆ ಆಕವ್ರೆ!” ಎಂದು ಬಾಗಿಲಿನಿಂದಲೇ ವಾಪಸ್ಸು. ಚಿಕ್ಕಲಕ್ಷ್ಮಮ್ಮ ಎರಡೂ ಕಡೆ ಉಂಡಳು. ಅವನು ಬಾಳೆಹಣ್ಣಿನಲ್ಲೇ ದಿನ ಕಳೆದ.

ಮಾರನೆಯ ದಿನ ಅವಳು ಕಾರ್ಖಾನೆಯಲ್ಲಿ ಒಂದೊಂದು ಹೆಂಚನ್ನೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಆರಿಸಿದಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಬೈರಯ್ಯ ಬಂದರಿನ ಪಕ್ಕದ ಒಂದು ಕಲ್ಲಿನ ಮೇಲೆ ಕುಸಿದು ಕೂತು, “ಇನ್ನು ನಾ ಏಳಾಕಿಲ್ಲ” ಎಂದುಬಿಟ್ಟ. ಎದುರಿಗೆ ತೆಂಗಿನ ಗರಿ ಹೊದಿಸಿದ ಊಟದಂಗಡಿ. ದೋಣಿಯವರಿಗೆ ಬಡಿಸುತ್ತಿದ್ದ ಮುತ್ತಕ್ಕನೆಂಬ ಹೆಂಗಸು ಹೊರಗೆ ಬಂದು, “ಒಣಸ್ ಆಂಡಾ?” ಎಂದು ತುಳುವಿನಲ್ಲಿ ಊಟವಾಯಿತೇ ಎಂದು ಕೇಳಿದಳು. ಹೆಂಚಿನ ರೇಟು ಕೇಳುತ್ತಿದ್ದಾಳೆಂದುಕೊಂಡ ಚಿಕ್ಕಲಕ್ಷ್ಮಮ್ಮ, “ಬಲೇ ದುಬಾರಿ ಕಣವ್ವ” ಎಂದಳು.

ಕೊನೆಗೆ ಗಂಡನ ಹೊಟ್ಟೆ ತೋರಿಸಿದ ಮೇಲೆ ಮಾತು ದಾರಿಗೆ ಬಂತು. ಅವಳು ಗಂಟು ಬಿಚ್ಚಿ, ಕೈಸನ್ನೆಯಲ್ಲೇ ಪಾತ್ರೆ ಕೇಳಿದಳು, ಕೋಲು ಕೇಳಿದಳು. ಕೋಲಿರಲಿಲ್ಲ. ಮುತ್ತಕ್ಕ ಮುರಿದ ಹುಟ್ಟಿನ ಹಿಡಿಯೊಂದನ್ನು ತೊಳೆದು ಕೊಟ್ಟಳು. ದೋಣಿ ನಡೆಸುವ ಕೋಲಿನಲ್ಲಿ ಹೆಂಗಸೊಬ್ಬಳು ಹಿಟ್ಟು ತಿರುವುವುದನ್ನು ನೋಡಲು ದೋಣಿಯವರೆಲ್ಲ ಉಣ್ಣುವುದನ್ನು ಬಿಟ್ಟು ಸುತ್ತ ನಿಂತರು. ಬಂಗುಡೆ ಮೀನಿನ ಸಾರಿನ ಜೊತೆ ಬೈರಯ್ಯ ಮೂರು ಮುದ್ದೆ ಉಂಡ. ಮುತ್ತಕ್ಕ ಒಂದು ತುತ್ತು ಬಾಯಿಗಿಟ್ಟು ಅಗಿದೇ ಅಗಿದಳು.

“ಅಗೀಬಾರ್ದು ಕಣವ್ವ, ನುಂಗ್ಬೇಕು!” ಎಂದು ಚಿಕ್ಕಲಕ್ಷ್ಮಮ್ಮ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಹೊರಡುವಷ್ಟರಲ್ಲಿ ಮುತ್ತಕ್ಕ ಮುದ್ದೆ ತಿರುವುವುದನ್ನು ಕಲಿತಿದ್ದಳು.

ಅಂದಿನಿಂದ ಊರವರು ರಾಗಿಹಿಟ್ಟಿನ ಗಂಟಿನೊಂದಿಗೆ ಅಲ್ಲಿಗೇ ಹೋಗತೊಡಗಿದರು. ಬೀದಿಯ ಹೆಸರು ಚಿಕ್ಕಲಕ್ಷ್ಮಮ್ಮನಿಗೆ ಗೊತ್ತಿರಲಿಲ್ಲ. “ಬಸ್ ಇಳ್ದು ಮೀನು ನಾರೋ ಕಡೀಕೆ ನಡೀರಿ. ತಡ್ಯಕಾಗ್ದಷ್ಟು ನಾತ ಬಂದ್ರೆ ನಿಂತ್ಕಳಿ, ಅದೇ ಮುತ್ತಕ್ಕನ ಅಂಗ್ಡಿ” ಎನ್ನುತ್ತಿದ್ದಳು. ಯಾರೂ ದಾರಿ ತಪ್ಪಲಿಲ್ಲ.

ಯುದ್ಧದ ಕಾಲದಲ್ಲಿ, ಮೀನು ಮಾಂಸ ಮುಟ್ಟದ ಪಂಚಾಕ್ಷರಯ್ಯ ಮೇಷ್ಟ್ರು ಕಣ್ಣು ತೋರಿಸಲು ಮಂಗಳೂರಿಗೆ ಹೊರಟರು. ಅವರೂ ಜಗಲಿಗೆ ಬಂದರು.

“ನೀವೂ ಅಲ್ಗೇ ಓಗಿ ಸಾ. ಒಳೀಕೆ ಮಾತ್ರ ಓಗ್ಬ್ಯಾಡಿ. ನನ್ನ ಹೆಸ್ರು ಏಳಿ ಸಾಕು.”

ಹೆಸರು ಕೇಳಿದ್ದೇ ಮುತ್ತಕ್ಕ ಅವರನ್ನು ಮೀನು ತಿನ್ನದವರ ಮನೆಯೊಂದಕ್ಕೆ ಕರೆದುಕೊಂಡು ಹೋಗಿ, ಮೂರು ದಿನ ಗಂಜಿ, ಚಟ್ನಿ, ಮಿಡಿ ಉಪ್ಪಿನಕಾಯಿಗೆ ಏರ್ಪಾಡು ಮಾಡಿದಳು. ಹೊರಡುವಾಗ ಗೆಳತಿಗೆಂದು ಬಾಳೆಲೆಯ ಪೊಟ್ಟಣವೊಂದನ್ನು ಅವರ ಕೈಗಿಟ್ಟಳು.

ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಏದುಸಿರು ಬಿಡುತ್ತ ಇಡೀ ದಿನ ಘಟ್ಟ ಹತ್ತಿತು. ಮೇಷ್ಟ್ರು ಪೊಟ್ಟಣವನ್ನು ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡೇ ಊರು ಸೇರಿದರು. ಚಿಕ್ಕಲಕ್ಷ್ಮಮ್ಮ ಬಿಚ್ಚಿದರೆ ಒಣಮೀನು.

“ಶಿವಶಿವಾ! ಮಂಗಳೂರಿನ ವಾಸ್ನೆ ಬಟ್ಟೆಗೆ ಹತ್ಕೊಂಡಿದೆ ಅಂದ್ಕೊಂಡಿದ್ದೆನಲ್ಲಮ್ಮ,” ಎಂದು ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ತಡೆಯಲಾರದೆ ನಕ್ಕರು. “ಅದಕ್ಕೇ ಅಂತೀನಿ, ಬಸ್ಸಲ್ಲಿ ಅಷ್ಟು ಜನ ನಿಂತಿದ್ರೂ ನನ್ನ ಪಕ್ಕದಲ್ಲಿ ಮಾತ್ರ ಯಾರೂ ಕೂತ್ಕೊಳ್ಲಿಲ್ಲ!”